ಮಾವನಿಗೆ ಹೇಳಿದ ಜಪಾನೀ ದೋಣಿ

ನಾನು ಕೆಲಸ ಮಾಡುವ ಕಾರ್ಖಾನೆ ಪುಣೆಯ ಹೊರಗೆ ಚಾಕಣದಲ್ಲಿದೆ. ಕಾರಿನ ಬಾಗಿಲುಗಳಿಗೆ ಅಂಟಿಸುವ ರಬ್ಬರಿನ ಪಟ್ಟಿಗಳನ್ನು ಅಲ್ಲಿ ತಯಾರಿಸುತ್ತಾರೆ. ನಾನಿರುವುದು ಕೆಲಸಗಾರರ ಹಾಜರಿ, ರಜೆ ನೋಡಿಕೊಳ್ಳುವ ವಿಭಾಗದಲ್ಲಿ. ಮನೆ ಪುಣೆಯ ಕ್ಯಾಂಪ್ ಎಂಬ ಪೇಟೆಯಲ್ಲಿ. ಬೆಳಿಗ್ಗೆ ಕಂಪನಿ ಬಸ್ಸು ಹತ್ತಿದರೆ ಭೋಸರಿಯವರೆಗೆ ಹೇಗೋ ಓಡುತ್ತದೆ, ಮೋಶಿ ಬಂತೆಂದರೆ ಟ್ರಕ್ಕುಗಳ ನಡುವೆ ಸಿಕ್ಕಿಕೊಂಡು ನಿಂತುಬಿಡುತ್ತದೆ. ಎಷ್ಟೋ ವರ್ಷ ಆ ಹೊತ್ತನ್ನು ನಾನು ನಿದ್ದೆಯಲ್ಲಿ ಕಳೆದೆ. ನಿದ್ದೆ ಬಿಡಿಸಿದವಳು ಒಬ್ಬ ಬೆಂಗಳೂರಿನ ಹುಡುಗಿ.

ಆಕೆ ಡಿಸೈನ್ ವಿಭಾಗಕ್ಕೆ ಹೊಸದಾಗಿ ಬಂದಿದ್ದಳು. ನಾನು ಬಸ್ಸಿನಲ್ಲಿ ಫೋನ್ ಹಿಡಿದು ಮನೆಯವರ ಜೊತೆ ಕನ್ನಡದಲ್ಲಿ ಜೋರಾಗಿ ಮಾತಾಡುತ್ತಿದ್ದುದನ್ನು ಕೇಳಿಸಿಕೊಂಡು, ಮರುದಿನವೇ ಪಕ್ಕದ ಸೀಟಿಗೆ ಬಂದು ಕೂತಳು. "ಆಂಟಿ, ಕನ್ನಡದವ್ರು ಸಿಕ್ಕಿದ್ಮೇಲೆ ಬೇರೆ ಎಲ್ಲಿ ಕೂತ್ಕೊಳ್ಲಿ ಹೇಳಿ" ಎಂದಳು. ನನ್ನ ದನಿ ದೊಡ್ಡದು. ಶಾಲೆಯಲ್ಲಿ ಪ್ರಾರ್ಥನೆ ಹೇಳಿಸಲು ನನ್ನನ್ನೇ ಮುಂದೆ ನಿಲ್ಲಿಸುತ್ತಿದ್ದರು. ಆ ದನಿಯಿಂದಾಗಿಯೇ ಈ ಹುಡುಗಿ ಸಿಕ್ಕಳು ಎಂದು ಇವತ್ತಿಗೂ ಹೆಮ್ಮೆಯಿಂದ ಹೇಳುತ್ತೇನೆ.

ಪಕ್ಕದಲ್ಲಿ ಕೂತಳೇ ಹೊರತು ಆಕೆ ಹೆಚ್ಚು ಮಾತಾಡುವವಳಲ್ಲ. ಬಸ್ಸು ಹೊರಟ ಕೂಡಲೇ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಫೋನಿನಲ್ಲಿ ಏನನ್ನೋ ನೋಡುತ್ತಿದ್ದಳು. ಒಂದು ದಿನ ಮೋಶಿಯ ಟ್ರಾಫಿಕ್ಕಿನಲ್ಲಿ ಎಚ್ಚರಾಗಿ ನೋಡುತ್ತೇನೆ, ಹುಡುಗಿಯ ಕೆನ್ನೆಯ ಮೇಲೆ ನೀರಿಳಿಯುತ್ತಿದೆ. ಊರಿಂದ ಕೆಟ್ಟ ಸುದ್ದಿ ಬಂದಿರಬೇಕೆಂದು ಗಾಬರಿಯಾಗಿ ಅವಳ ಕೈ ಹಿಡಿದೆ. ಆಕೆ ಮೂಗು ಒರೆಸಿಕೊಂಡು ಫೋನನ್ನು ನನ್ನ ಕಡೆ ತಿರುಗಿಸಿದಳು. ಅದರಲ್ಲಿ ಒಂದು ಕಾರ್ಟೂನು. ಹತ್ತು ಹನ್ನೆರಡರ ಹುಡುಗಿಯೊಬ್ಬಳು ದೋಣಿಯ ತುದಿಯಲ್ಲಿ ಕೂತು ಸುಟ್ಟ ಮೀನು ತಿನ್ನುತ್ತಿದ್ದಳು. ಅಳುವಂಥದ್ದು ನನಗೇನೂ ಕಾಣಲಿಲ್ಲ.

"ಅಯ್ಯ, ಕಾರ್ಟೂನ್ ನೋಡಿ ಯಾರರ ಅಳ್ತಾರೇನು?" ಎಂದೆ.

"ಕಾರ್ಟೂನ್ ಅಲ್ಲ ಆಂಟಿ, ಅನಿಮೆ. ಜಪಾನ್‌ದು. ನಾನು ಹುಟ್ಟೋಕ್ಕೂ ತುಂಬಾ ಮುಂಚೆ ಮಾಡಿರೋದು. ಒಂದೊಂದು ಚಿತ್ರಾನೂ ಕೈಯಲ್ಲಿ ಬರ್ದು, ಕೈಯಲ್ಲೇ ಬಣ್ಣ ಹಾಕಿದಾರೆ. ಒಂದ್ ಎಪಿಸೋಡ್ ನೋಡಿ. ಇಷ್ಟ ಆಗ್ಲಿಲ್ಲ ಅಂದ್ರೆ ನಾಳೆಯಿಂದ ಬೇರೆ ಸೀಟಲ್ಲಿ ಕೂತ್ಕೋತೀನಿ."

ಒಂದು ಕಿವಿಯದನ್ನು ಕಳಚಿ ನನಗೆ ಕೊಟ್ಟಳು. ಆಕೆ ಬೇರೆ ಸೀಟಿಗೆ ಹೋಗಬಾರದೆಂದು ನಾನು ನೋಡಲು ಒಪ್ಪಿದೆ, ಅಷ್ಟೇ.

ಕತೆ ಬಹಳ ಸರಳ. ಸಮುದ್ರದಲ್ಲಿ ಹತ್ತಾರು ಚಿಕ್ಕ ದ್ವೀಪಗಳು. ಒಂದರಿಂದ ಇನ್ನೊಂದಕ್ಕೆ ಜನರನ್ನು ದಾಟಿಸುವ ಒಬ್ಬ ಮುದುಕ ಅಂಬಿಗ. ಅವನ ದೋಣಿಯಲ್ಲಿ ಒಂದು ದಿನ ಇಳಿಯಲು ಊರೇ ಇಲ್ಲದ ಹುಡುಗಿಯೊಬ್ಬಳು ಬಂದು ಕೂರುತ್ತಾಳೆ. ಮುದುಕ ಅವಳನ್ನು ಇಳಿ ಎನ್ನುವುದಿಲ್ಲ, ಇರು ಎಂದೂ ಹೇಳುವುದಿಲ್ಲ. ಪ್ರತಿ ಕಂತಿನಲ್ಲೂ ಯಾರೋ ಒಬ್ಬ ಪ್ರಯಾಣಿಕ ಬರುತ್ತಾನೆ, ತನ್ನ ದ್ವೀಪ ಬಂದಾಗ ಇಳಿದುಹೋಗುತ್ತಾನೆ. ಈ ನಡುವೆ ಹುಡುಗಿ ಹುಟ್ಟು ಹಾಕುವುದನ್ನು ಕಲಿಯುತ್ತಾಳೆ.

ಅವತ್ತು ನಾನು ನೋಡಿದ ಕಂತಿನಲ್ಲಿ ಇಬ್ಬರೂ ಅನ್ನ ಬೇಯಿಸಿಕೊಳ್ಳುತ್ತಾರೆ. ಪಾತ್ರೆಯ ಮೇಲೆ ಮುಚ್ಚಳ ಇಡುತ್ತಾರೆ, ಕಾಯುತ್ತಾರೆ. ಚಿತ್ರವೂ ಅವರ ಜೊತೆ ಕಾಯುತ್ತದೆ. ಮುಚ್ಚಳ ಸಣ್ಣಗೆ ಕುಣಿಯುತ್ತದೆ, ಹೊಗೆ ಗಾಳಿಗೆ ಓರೆಯಾಗುತ್ತದೆ, ಮುದುಕ ತನ್ನ ಮೊಣಕಾಲನ್ನು ಉಜ್ಜಿಕೊಳ್ಳುತ್ತಾನೆ. ಯಾರೂ ಏನೂ ಮಾತಾಡುವುದಿಲ್ಲ. ನಾನು ದಿನಾ ಎರಡು ಹೊತ್ತು ಅನ್ನಕ್ಕಿಡುವವಳು. ಅನ್ನ ಬೇಯುವುದನ್ನು ಒಬ್ಬರು ಇಷ್ಟು ಮರ್ಯಾದೆಯಿಂದ ನೋಡಿ ಬರೆದಿದ್ದಾರೆಂದು ತಿಳಿದು ನನಗೆ ಖುಷಿಯಾಯಿತು. ಬಸ್ಸು ಗೇಟಿನೊಳಗೆ ಹೋದಾಗ ಕಂತು ಇನ್ನೂ ಮುಗಿದಿರಲಿಲ್ಲ.

"ಸಂಜೀಕ ಉಳಿದದ್ದು ತೋರಸು," ಎಂದೆ.

ಹುಡುಗಿ ಗೆದ್ದವಳ ಹಾಗೆ ನಕ್ಕಳು.

ಹೀಗೆ ನಾನು ಹಳೆಯ ಅನಿಮೆಗಳ ಹುಚ್ಚಿಗೆ ಬಿದ್ದೆ. ಹೊಸವೂ ಇವೆ, ಹುಡುಗಿ ಒಂದೆರಡು ತೋರಿಸಿದಳು. ಅವುಗಳಲ್ಲಿ ಎಲ್ಲ ಫಳಫಳ ಹೊಳೆಯುತ್ತದೆ, ಎಲ್ಲರೂ ಅವಸರದಲ್ಲಿದ್ದಾರೆ. ನನಗೆ ಹಿಡಿಸಿದ್ದು ಹಳೆಯವು. ಅವುಗಳಲ್ಲಿ ಅಂಗಿಯ ತೋಳಿನ ಗೆರೆ ಒಂದು ಚಿತ್ರದಿಂದ ಇನ್ನೊಂದಕ್ಕೆ ಕೂದಲೆಳೆಯಷ್ಟು ನಡುಗುತ್ತದೆ. ಮನುಷ್ಯರು ಕೂತು ಬರೆದದ್ದರಿಂದ ಹಾಗೆ ಎಂದು ಹುಡುಗಿ ತೋರಿಸಿಕೊಟ್ಟಳು. ಒಮ್ಮೆ ಕಂಡ ಮೇಲೆ ಆ ನಡುಕವನ್ನೇ ಹುಡುಕುತ್ತ ನೋಡತೊಡಗಿದೆ.

ಐವತ್ತು ದಾಟಿದ ಹೆಂಗಸು ಫೋನಿನಲ್ಲಿ ಚಿತ್ರದ ಗೊಂಬೆಗಳನ್ನು ನೋಡುತ್ತಾಳೆಂದು ಆಫೀಸಿನಲ್ಲಿ ನಕ್ಕರು. ಮನೆಯಲ್ಲಿ ಯಜಮಾನರೂ ನಕ್ಕರು. ನಾನು ಯಾರಿಗೂ ಬಚ್ಚಿಡಲಿಲ್ಲ. ನನಗೆ ಇಷ್ಟವಾದದ್ದನ್ನು ಇಷ್ಟವೆಂದು ಹೇಳಲು ಯಾರ ಸಹಿ ಬೇಕು?

ನಮ್ಮ ಮನೆಯಲ್ಲಿ ನಾವು ಮೂವರು. ಯಜಮಾನರು ವಾಹನಗಳ ಬಿಡಿಭಾಗದ ಅಂಗಡಿ ನಡೆಸುತ್ತಾರೆ, ರಾತ್ರಿ ಊಟದ ಹೊತ್ತಿಗೆ ಬರುತ್ತಾರೆ. ಮೂರನೆಯವರು ನಮ್ಮ ಮಾವ, ಯಜಮಾನರ ತಂದೆ. ವಿಜಯಪುರದಿಂದ ಹರೆಯದಲ್ಲಿ ಪುಣೆಗೆ ಬಂದು ಕ್ಯಾಂಪಿನ ದೊಡ್ಡ ಬಟ್ಟೆಯಂಗಡಿಯೊಂದರಲ್ಲಿ ಸೀರೆ ತೋರಿಸುವ ಕೆಲಸಕ್ಕೆ ಸೇರಿದವರು. ಗಾದಿಯ ಮೇಲೆ ಕೂತು ಒಂದು ಸೀರೆಯನ್ನು ಝಳಕ್ಕನೆ ಬಿಚ್ಚಿ ಎಸೆದರೆ ಅದು ಗಿರಾಕಿಯ ಮೊಣಕಾಲಿನ ಹತ್ತಿರ ಬಂದು ಸೆರಗು ಹರಡಿಕೊಂಡು ಬೀಳುತ್ತಿತ್ತಂತೆ. ಕೆಲಸ ಬಿಟ್ಟ ಕೆಲವು ವರ್ಷಕ್ಕೆ ಅವರ ಕಣ್ಣು ಹೋಯಿತು. ಡಾಕ್ಟರು ಕಾಚಬಿಂದು ಎಂದರು, ಕಣ್ಣಿನ ಒಳಗಿನ ಒತ್ತಡ ನರವನ್ನು ತಿಂದುಹಾಕಿದೆ ಎಂದರು. ಈಗ ಅವರಿಗೆ ಕಿಟಕಿ ಯಾವ ಕಡೆ ಇದೆಯೆಂದು ಬೆಳಕಿನಿಂದ ತಿಳಿಯುತ್ತದೆ, ಬೇರೆ ಏನೂ ಕಾಣುವುದಿಲ್ಲ. ರೇಡಿಯೋ ಕೇಳುತ್ತಾರೆ, ಬಿಲ್ಡಿಂಗಿನ ಮೆಟ್ಟಿಲುಗಳನ್ನು ಒಬ್ಬರೇ ಇಳಿದು ಹತ್ತುತ್ತಾರೆ, ಚಹಾ ತಣ್ಣಗಾಗಿದ್ದರೆ ಬೈಯುತ್ತಾರೆ. ಕಣ್ಣಿನ ಬಗ್ಗೆ ಯಾರಾದರೂ ಅಯ್ಯೋ ಪಾಪ ಎಂದರೆ ಎದ್ದು ಒಳಗೆ ಹೋಗುತ್ತಾರೆ.

ಚಾಕಣದ ಕಾರ್ಖಾನೆಗಳಿಗೆ ವಾರದ ರಜೆ ಗುರುವಾರ. ಒಂದು ಗುರುವಾರ ಮಧ್ಯಾಹ್ನ ನಾನು ಅಡುಗೆಮನೆಯ ಕಟ್ಟೆಗೆ ಫೋನ್ ಒರಗಿಸಿ, ಮೆಂತ್ಯದ ಸೊಪ್ಪು ಬಿಡಿಸುತ್ತ ದೋಣಿಯ ಹುಡುಗಿಯನ್ನು ನೋಡುತ್ತಿದ್ದೆ. ಮಾವ ಬಾಗಿಲಲ್ಲಿ ಬಂದು ನಿಂತರು.

"ಯಾರ್ ಬಂದಾರ ಯವ್ವಾ? ಯಾವ ಭಾಷಾ ಮಾತಾಡ್ಲಿಕತ್ತಾರ?"

"ಯಾರೂ ಇಲ್ರಿ ಮಾವಾರ. ಫೋನಿನಾಗ ಜಪಾನದ್ದು ಒಂದು ಕತಿ ನೋಡ್ಲಿಕತ್ತೀನಿ."

ಅವರು ಹೋಗಲಿಲ್ಲ. ಬಾಗಿಲ ಚೌಕಟ್ಟಿಗೆ ಭುಜ ಕೊಟ್ಟು ಕೇಳುತ್ತ ನಿಂತರು. ಸ್ವಲ್ಪ ಹೊತ್ತಾದ ಮೇಲೆ, "ಈ ಮುದುಕಗ ಹುಡುಗಿ ಮ್ಯಾಲ ಜೀವ ಅದ. ಆದ್ರ ತೋರಸಂಗಿಲ್ಲ ಅಂವ" ಎಂದರು.

ನಾನು ಸೊಪ್ಪು ಬಿಡಿಸುವುದನ್ನು ನಿಲ್ಲಿಸಿದೆ. ಭಾಷೆ ಗೊತ್ತಿಲ್ಲ, ಚಿತ್ರ ಕಾಣುವುದಿಲ್ಲ, ಬರಿಯ ದನಿಯಿಂದ ಅವರು ಕತೆಯ ಜೀವಾಳವನ್ನೇ ಹಿಡಿದಿದ್ದರು. ಕುರ್ಚಿ ತಂದು ಹಾಕಿದೆ. ಮೊದಲ ಕಂತಿಗೆ ಹಿಂದೆ ಹೋದೆ. ಕೆಳಗೆ ಇಂಗ್ಲಿಷಿನಲ್ಲಿ ಬರುವ ಮಾತುಗಳನ್ನು ಓದಿಕೊಂಡು ಕನ್ನಡದಲ್ಲಿ ಹೇಳತೊಡಗಿದೆ.

ಮೊದಲು ಮಾತುಗಳನ್ನಷ್ಟೇ ಹೇಳುತ್ತಿದ್ದೆ. ಮಾವನಿಗೆ ಅದು ಸಾಲಲಿಲ್ಲ. "ಈಗ ಸುಮ್ಮನ ಅದಾರಲ್ಲ, ಏನ್ ಮಾಡ್ಲಿಕತ್ತಾರ?" ಎಂದು ಕೇಳುತ್ತಿದ್ದರು. ಹಳೆಯ ಅನಿಮೆಯಲ್ಲಿ ಸುಮ್ಮನಿರುವುದೇ ಹೆಚ್ಚು. ಹಾಗಾಗಿ ನಾನು ಚಿತ್ರವನ್ನೂ ಹೇಳಬೇಕಾಯಿತು. ಹೇಳಲು ಹೊರಟಾಗಲೇ ನಾನೆಷ್ಟು ಕಡಿಮೆ ನೋಡಿದ್ದೆ ಎಂದು ಗೊತ್ತಾದದ್ದು.

"ಸಂಜೀ ಆಗೇದರಿ. ಆಕಾಶ ಕೆಂಪಗದ."

"ಯಾ ಕೆಂಪು?"

"ಕೆಂಪು ಅಂದ್ರ... ಕೆಂಪುರಿ."

"ಯವ್ವಾ, ಕೆಂಪು ಅಂತ ಒಂದ ಬಣ್ಣ ಇರಂಗಿಲ್ಲ. ದಾಳಿಂಬರಿ ಏನು, ಇಟ್ಟಂಗಿ ಏನು, ಕುಂಕುಮ ಏನು? ನೋಡಿ ಹೇಳು."

ನಾನು ನಿಲ್ಲಿಸಿ ನೋಡಿದೆ. ಮೇಲೆ ದಾಳಿಂಬರಿ, ನೀರಿನ ಹತ್ತಿರ ಬರುವಾಗ ಕಡಲೆಹಿಟ್ಟಿನ ಬಣ್ಣ, ನಡುವೆ ಎರಡೂ ಬೆರೆತ ಒಂದು ಅಂಚು. ಹಾಗೆಂದು ಹೇಳಿದೆ. ಮಾವ ತಲೆಯಾಡಿಸಿ, "ಆ ಅಂಚಿನಾಗ ಒಂದೀಟು ಬದನಿಕಾಯಿ ಬಣ್ಣ ಇರ್ಬೇಕಲ್ಲ?" ಎಂದರು. ಇತ್ತು. ಒಂದೇ ಎಳೆ, ಮೋಡದ ಅಡಿಯಲ್ಲಿ.

ಅಲ್ಲಿಂದ ನಮ್ಮ ಕೆಲಸ ಗಟ್ಟಿಯಾಯಿತು. ಗುರುವಾರ ಮಧ್ಯಾಹ್ನ ಎರಡು ಕಂತು, ಉಳಿದ ದಿನ ನಾನು ಬಸ್ಸಿಳಿದು ಬಂದು ಚಹಾ ಕುಡಿದ ಮೇಲೆ ಸಾಧ್ಯವಾದರೆ ಒಂದು. ಬೆಂಗಳೂರಿನ ಹುಡುಗಿ ಒಂದು ಗುರುವಾರ ಮನೆಗೆ ಬಂದು ಫೋನನ್ನು ಟಿವಿಗೆ ಜೋಡಿಸುವುದನ್ನು ಕಲಿಸಿಕೊಟ್ಟಳು. ಟಿವಿಯ ಮೇಲೆ ದೊಡ್ಡದಾಗಿ ನೋಡಿದರೆ ನನಗೆ ಹೇಳಲು ಇನ್ನಷ್ಟು ಸಿಗುತ್ತಿತ್ತು. ಸಮುದ್ರ ಬೆಳಿಗ್ಗೆ ಗಿಣಿಹಸಿರು, ಮಧ್ಯಾಹ್ನ ಚಿಂತಾಮಣಿ. ಮಾವನ ಅಂಗಡಿಯಲ್ಲಿ ಮರಾಠಿ ಹೆಣ್ಣುಮಕ್ಕಳು ಮದುವೆಗೆ ಕೇಳಿ ಪಡೆಯುತ್ತಿದ್ದ ನೀಲಿಯ ಹೆಸರು ಅದು. ಹುಡುಗಿಯ ಅಂಗಿ ಎಷ್ಟೋ ಸಲ ಒಗೆದು ಬಣ್ಣ ಬಿಟ್ಟ ಅರಿಶಿಣ. ನಾನು ಪಾತ್ರಕ್ಕೊಂದು ದನಿಯನ್ನೂ ಕೊಡತೊಡಗಿದೆ. ಮುದುಕನಿಗೆ ಎದೆಯಿಂದ ಬರುವ ದನಿ, ಹುಡುಗಿಗೆ ಚೂಪು ದನಿ, ಪ್ರಯಾಣಿಕರಿಗೆ ಅವರವರ ಸ್ವಭಾವಕ್ಕೆ ತಕ್ಕ ಹಾಗೆ. ಎಲ್ಲರೂ ವಿಜಯಪುರದ ಕನ್ನಡವನ್ನೇ ಮಾತಾಡಿದರು. ಎದುರು ಮನೆಯ ಮರಾಠಿ ಹೆಂಗಸು ಒಂದು ಸಂಜೆ ಬಾಗಿಲು ತಟ್ಟಿ, ಏನು ನಡೆದಿದೆ, ಯಾರು ಜಗಳವಾಡುತ್ತಿದ್ದಾರೆ ಎಂದು ಕೇಳಿದಳು. ಇಬ್ಬರು ಅಂಬಿಗರ ಜಗಳ ಎಂದು ಮರಾಠಿಯಲ್ಲಿ ಹೇಳಿದೆ. ಆಕೆ ನನ್ನನ್ನೇ ನೋಡುತ್ತ ಹಿಂದೆ ಸರಿದಳು.

ಮಾವ ಕೇಳಿ ಕೇಳಿ ಕೆಲವು ಸಂಗತಿಗಳನ್ನು ತಾವೇ ಕಂಡುಕೊಂಡರು. "ಇವರೂ ನಮ್ಮಂಗ ಅದಾರ ನೋಡು. ಮಾತಿನ ತುದಿಗೆ ನಾವು 'ರೀ' ಹಚ್ಚಿದಂಗ ಇವರು 'ನೇ' ಹಚ್ಚತಾರ" ಎಂದರು ಒಮ್ಮೆ. ಅಷ್ಟು ಕಂತು ನೋಡಿದ್ದ ನಾನು ಅದನ್ನು ಗಮನಿಸಿರಲಿಲ್ಲ. ಮರುದಿನ ಬಸ್ಸಿನಲ್ಲಿ ಹುಡುಗಿಗೆ ಹೇಳಿದರೆ ಆಕೆ ಜೋರಾಗಿ ನಕ್ಕು, "ಅಂಕಲ್ ಸೂಪರ್ ಆಂಟಿ!" ಎಂದಳು. ಎಂಬತ್ತು ದಾಟಿದವರನ್ನು ಅಂಕಲ್ ಎಂದದ್ದನ್ನು ಮಾವನಿಗೆ ಹೇಳಿದೆ. ಅವರು ಇಡೀ ಸಂಜೆ ಮೀಸೆ ತಿರುವಿಕೊಂಡು ಕೂತಿದ್ದರು.

ನಮ್ಮ ಬಿಲ್ಡಿಂಗಿನ ಕೆಳಗಿನ ಮನೆಯಲ್ಲಿ ಕುಂದಾಪುರದ ಕಡೆಯ ಹಿರಿಯರೊಬ್ಬರಿದ್ದಾರೆ. ಕ್ಯಾಂಪಿನಲ್ಲಿ ಹೋಟೆಲು ನಡೆಸಿದವರು, ಈಗ ಅದನ್ನು ಮಕ್ಕಳು ನೋಡಿಕೊಳ್ಳುತ್ತಾರೆ. ಮಾವನೂ ಅವರೂ ಹಳೆಯ ಸ್ನೇಹಿತರು. ಮಾವ ಅವರನ್ನು ಸಾಹುಕಾರ್ರ ಎನ್ನುತ್ತಾರೆ. ನಾನು ಕಾಕಾ ಎನ್ನುತ್ತೇನೆ. ಒಂದು ಗುರುವಾರ ಅವರು ಮಾವನನ್ನು ಮಾತಾಡಿಸಲು ಬಂದವರು ಟಿವಿಯ ಮುಂದೆ ಕೂತುಬಿಟ್ಟರು. ಅವತ್ತಿನ ಕಂತಿನಲ್ಲಿ ಬಿರುಗಾಳಿ. ನಾನು ಗಂಟಲು ಬಿಚ್ಚಿ ಹೇಳುತ್ತಿದ್ದೆ: "ದೊಡ್ಡ ತೆರಿ ಬಂತರಿ, ಮುದುಕ ದೋಣಿ ತಿರುಗಿಸಿದ, ಹೆದರ್ಯಾನ..."

"ಹೆದ್ರಿದ್ದಲ್ಲ ಮಾರಾಯ್ತಿ!" ಎಂದರು ಕಾಕಾ, ಕುರ್ಚಿಯಿಂದ ಅರ್ಧ ಎದ್ದು. "ಅವ ದೋಣಿಯ ಮೂತಿಯನ್ನು ತೆರೆಗೆ ಕೊಟ್ಟದ್ದು. ಬದಿ ಕೊಟ್ರೆ ಮಗುಚ್ತದೆ. ಅವ ಗಟ್ಟಿಗ. ಹೆದ್ರಿದ ಅಂತ ಹೇಳ್ಬೇಡ."

ಮಾವ ಮುಖವನ್ನು ಅವರ ದನಿಯ ಕಡೆ ತಿರುಗಿಸಿದರು. "ನಿಮಗ ಹೆಂಗ ಗೊತ್ತು ಸಾಹುಕಾರ್ರ?"

"ನನ್ನ ಅಜ್ಜ ದೋಣಿಯವ ಅಲ್ವಾ? ನೀರಿನ ವಿಷಯ ಉಂಟಲ್ಲ, ಅದನ್ನು ನಾನು ಹೇಳ್ತೇನೆ. ಮಾತು ಇವಳು ಹೇಳ್ಲಿ."

ಹೀಗೆ ನಮಗೆ ಇನ್ನೊಬ್ಬರು ಹೇಳುವವರು ಸಿಕ್ಕರು. ಮಾವ ಸಮುದ್ರವನ್ನು ಮುಂಬಯಿಯಲ್ಲಿ ಒಮ್ಮೆ ಕಂಡಿದ್ದರಷ್ಟೆ, ಅದೂ ಜನರ ನೂಕುನುಗ್ಗಲಿನಲ್ಲಿ. ಕಾಕಾ ಅವರಿಗೆ ಉಬ್ಬರ ಎಂದರೇನು, ಇಳಿತ ಎಂದರೇನು, ಬಂಡೆಯ ಹತ್ತಿರ ನೀರು ಯಾಕೆ ತಿರುಗುತ್ತದೆ ಎಲ್ಲ ಹೇಳಿದರು. ಒಮ್ಮೊಮ್ಮೆ ಅವರು ಹೇಳುವುದರಲ್ಲಿ ಕಂತೇ ಮುಂದೆ ಹೋಗಿಬಿಡುತ್ತಿತ್ತು, ನಾನು ನಿಲ್ಲಿಸಿ ಕಾಯಬೇಕಾಗುತ್ತಿತ್ತು. ಜಗಳವೂ ಆಗುತ್ತಿತ್ತು. ಕಡಲಿಗೆ ಗಿಣಿಹಸಿರು ಎಂದರೆ ಕಾಕಾ ಒಪ್ಪುತ್ತಿರಲಿಲ್ಲ, ಕಡಲಿಗೆ ಕಡಲಿನದೇ ಬಣ್ಣ ಎನ್ನುತ್ತಿದ್ದರು. "ಅಂಗಡ್ಯಾಗ ಹಂಗ ಹೇಳಿದ್ರ ಗಿರಾಕಿ ಎದ್ದ ಹೋಗತಾರ್ರಿ" ಎಂದು ಮಾವ ರೇಗಿಸುತ್ತಿದ್ದರು.

ಸರಣಿಯ ಮುಕ್ಕಾಲು ದಾಟಿತ್ತು. ಒಂದು ಕಂತಿನಲ್ಲಿ ಮುದುಕ ಅಂಬಿಗ ಸಾಯುತ್ತಾನೆ.

ಆ ಕಂತನ್ನು ನಾನೂ ಮೊದಲು ನೋಡಿರಲಿಲ್ಲ, ಬಸ್ಸಿನ ಹುಡುಗಿಯೂ ಹೇಳಿರಲಿಲ್ಲ. ಮುಂದಿನ ಕತೆ ಹೇಳುವುದು ಆಕೆಯ ಲೆಕ್ಕದಲ್ಲಿ ಪಾಪ. ಅವತ್ತು ಕಾಕಾ ಹೋಟೆಲಿಗೆ ಹೋಗಿದ್ದರು, ಮನೆಯಲ್ಲಿ ನಾನೂ ಮಾವನೂ ಇಬ್ಬರೇ. ಮುದುಕ ದೋಣಿಯಲ್ಲಿ ಅಂಗಾತ ಮಲಗಿ ಹುಡುಗಿಗೆ ಹುಟ್ಟು ಹಾಕಲು ಹೇಳುತ್ತಾನೆ. ಆಕೆ ಹಾಕುತ್ತ ಹಾಕುತ್ತ ಹರಟೆ ಹೊಡೆಯುತ್ತಾಳೆ. ಅವನು ಹೂಂ ಎನ್ನುತ್ತಾನೆ, ಹೂಂ ಎನ್ನುತ್ತಾನೆ, ಆಮೇಲೆ ಹೂಂ ಎನ್ನುವುದಿಲ್ಲ. ಚಿತ್ರದಲ್ಲಿ ಅವನ ಕೈ ದೋಣಿಯ ಅಂಚಿನಿಂದ ಜಾರಿ ನೀರನ್ನು ಮುಟ್ಟುತ್ತದೆ. ಹುಡುಗಿ ಹಿಂದೆ ತಿರುಗುತ್ತಾಳೆ.

ನನ್ನ ಪಕ್ಕದಲ್ಲಿ ಎಂಬತ್ತು ದಾಟಿದ ಮನುಷ್ಯ ಕೂತಿದ್ದರು. ನನ್ನ ಬಾಯಿಂದ ಆ ಮಾತು ಹೊರಡಲಿಲ್ಲ.

"ಮುಂದ?" ಎಂದರು ಮಾವ.

"ಮುದುಕ ಮಲಗ್ಯಾನ್ರಿ. ದಣಿವಾಗೇದ. ನಿದ್ದಿ ಹತ್ತೇದ."

ಟಿವಿಯಲ್ಲಿ ಹುಡುಗಿ ಅವನನ್ನು ಕರೆಯತೊಡಗಿದಳು. ಮೊದಲು ಮೆಲ್ಲಗೆ, ಆಮೇಲೆ ಜೋರಾಗಿ. ಸಂಗೀತ ನಿಂತಿತ್ತು. ನೀರಿನ ಸಪ್ಪಳ ಮಾತ್ರ ಇತ್ತು. ಮಾವ ತಲೆ ಬಗ್ಗಿಸಿ ಕೇಳಿದರು.

"ಯವ್ವಾ, ಮಲಗಿದಾವ್ರನ್ನ ಯಾರೂ ಹಂಗ ಕರೆಯೂದಿಲ್ಲ. ಮುದುಕ ಹೋದನೇನು?"

ನಾನು ಫೋನ್ ಒತ್ತಿ ಕಂತನ್ನು ನಿಲ್ಲಿಸಿದೆ.

"ಕಣ್ಣು ಹೋದಾಗಿಂದ ಎಲ್ಲಾರೂ ನನಗ ಛಲೋದು ಅಷ್ಟ ಹೇಳ್ತಾರ. ಮಗಾನೂ ಹಂಗ, ಡಾಕ್ಟರೂ ಹಂಗ. ನೀ ಒಬ್ಬಾಕಿ ಆಕಾಶ ಎಂಥಾ ಕೆಂಪು ಅಂತ ನೋಡಿ ಹೇಳ್ತಿದ್ದಿ. ಈಗ ನೀನೂ ಶುರು ಮಾಡಿದಿ?"

ದನಿ ಏರಲಿಲ್ಲ. ಅವರು ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು. ಎದ್ದು, ಗೋಡೆ ಹಿಡಿಯದೆ, ತಮ್ಮ ಕೋಣೆಗೆ ಹೋದರು. ಮರುದಿನ ನಾನು ಬಸ್ಸಿಳಿದು ಬಂದು ಚಹಾ ಮಾಡಿದೆ, ಅವರು ಕುಡಿದು ರೇಡಿಯೋ ಹಚ್ಚಿಕೊಂಡರು. ಅದರ ಮರುದಿನವೂ ಹಾಗೆಯೇ ಆಯಿತು. ಯಜಮಾನರಿಗೆ ಹೇಳಿದೆ. ಅವರು, "ಕಾರ್ಟೂನ್ ಸಲುವಾಗಿ ಮಾವ ಸೊಸಿ ಮಾತು ಬಿಟ್ಟೀರೇನು?" ಎಂದು ನಗಲು ಹೋಗಿ, ನನ್ನ ಮುಖ ನೋಡಿ ಸುಮ್ಮನಾದರು.

ಕಾಯುತ್ತ ಕೂರುವುದು ನನ್ನ ಸ್ವಭಾವವಲ್ಲ. ಮುಂದಿನ ಗುರುವಾರ ಊಟವಾದ ಮೇಲೆ ಮಾವನ ಕೋಣೆಗೇ ಹೋದೆ. ಅವರು ಮಂಚದ ಮೇಲೆ ಕೂತಿದ್ದರು. ಎದುರಿಗೆ ಸ್ಟೂಲು ಹಾಕಿಕೊಂಡು ಕೂತೆ. ಟಿವಿಯೂ ಇಲ್ಲ, ಫೋನೂ ಇಲ್ಲ. ಆ ಕಂತನ್ನು ನಾನು ಬಸ್ಸಿನಲ್ಲಿ ಮತ್ತೆ ನೋಡಿದ್ದೆ. ಬಾಯಿಂದ ಹೇಳತೊಡಗಿದೆ.

"ಮುದುಕ ಸತ್ತಾನ್ರಿ ಮಾವಾರ. ಮಧ್ಯಾಹ್ನದ ಹೊತ್ತಿನಾಗ. ಕಡಲು ಚಿಂತಾಮಣಿ ಬಣ್ಣ, ಗಾಳಿ ಇಲ್ಲ. ಬಲಗೈ ಜಾರಿ ನೀರಿಗೆ ಹತ್ತೇದ. ಕೈ ಬೆರಳು ನೀರಾಗ ಗೆರಿ ಎಳಕೋತ ಹೊಂಟಾವ, ಯಾಕಂದ್ರ ಹುಡುಗಿ ಇನ್ನೂ ಹುಟ್ಟು ಹಾಕ್ಲಿಕತ್ತಾಳ. ಆಕಿಗೆ ಗೊತ್ತಾಗಿಲ್ಲ. ಮುಖ ಬೂದಿ ಬಣ್ಣ ಆಗೇದ, ಆದ್ರ ಹಣಿ ಮ್ಯಾಲಿನ ಗೆರಿ ಎಲ್ಲಾ ಸಡಲ ಆಗ್ಯಾವ. ಹುಡುಗಿ ಕರೀತಾಳ. ಕರದು ಕರದು, ಆಮ್ಯಾಲ ಹುಟ್ಟು ತಗೊಂಡು ದೋಣಿ ದಂಡೀಗೆ ತರ್ತಾಳ. ಒಬ್ಬಾಕಿನ."

ಮಾವ ಮುಖವನ್ನು ಕಿಟಕಿಯ ಬೆಳಕಿನ ಕಡೆ ತಿರುಗಿಸಿದರು. ಆಮೇಲೆ, "ಒಬ್ಬಾಕಿನ ತಂದ್ಲೇನು?" ಎಂದು ಕೇಳಿದರು.

"ಹೌದ್ರಿ. ಪೂರ್ತಿ."

"ಹಂಗಾದ್ರ ಕಲಿಸಿದ್ದು ಹುಸಿ ಹೋಗಲಿಲ್ಲ," ಎಂದು ಕಣ್ಣೊರೆಸಿಕೊಂಡರು. "ನಡಿ, ಟಿವಿ ಹಚ್ಚು. ಮುಂದಿಂದು ನೋಡೂಣು. ಸಾಹುಕಾರ್ರನ್ನೂ ಕರಿ."

ಅವತ್ತಿನಿಂದ ನಾನು ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ. ಕತೆಯಲ್ಲಷ್ಟೇ ಅಲ್ಲ. ಕಣ್ಣಿನ ತಪಾಸಣೆಗೆ ಹೋದಾಗ ಡಾಕ್ಟರು ಮರಾಠಿಯಲ್ಲಿ ನನ್ನ ಕಡೆ ತಿರುಗಿ ಮೆಲ್ಲಗೆ ಮಾತಾಡಿದರೆ, "ಅವರಿಗೇ ಹೇಳಿ, ಅವರಿಗೆ ಕಿವಿ ಚೆನ್ನಾಗಿದೆ" ಎನ್ನುತ್ತೇನೆ.

ಕೊನೆಯ ಕಂತು ಬಂತು. ಕಾಕಾ ಆ ಗುರುವಾರಕ್ಕೆಂದು ಹೋಟೆಲಿನಿಂದ ಗೋಳಿಬಜೆ ತರಿಸಿದ್ದರು. ಬೆಂಗಳೂರಿನ ಹುಡುಗಿಯೂ ಬಂದು ಮಾವನ ಕಾಲ ಬಳಿ ಚಾಪೆಯ ಮೇಲೆ ಕೂತಳು. ನಾನು ನೀರು ಕುಡಿದು ಗಂಟಲು ಸರಿ ಮಾಡಿಕೊಂಡೆ. ಆಗ ಮಾವ ಕೈ ಎತ್ತಿದರು.

"ಯವ್ವಾ, ಇವತ್ತು ನೀ ಹೇಳಬ್ಯಾಡ. ಸಾಹುಕಾರ್ರ, ನೀವೂ. ಇಷ್ಟು ದಿನ ಕೇಳೇನಿ, ಇವರ ದನಿ ಎಲ್ಲಾ ನಂಗ ಗುರುತು ಅದಾವ. ಇದೊಂದು ನಾನ ನೋಡ್ತೀನಿ."

ನೋಡ್ತೀನಿ ಎಂದೇ ಅಂದರು. ನನಗೆ ಸ್ವಲ್ಪ ಬೇಸರವಾಗದೆ ಇರಲಿಲ್ಲ. ಕೊನೆಯ ಕಂತಿಗಾಗಿ ದನಿಗಳನ್ನು ಬಸ್ಸಿನಲ್ಲಿ ಅಭ್ಯಾಸ ಮಾಡಿಕೊಂಡಿದ್ದೆ. ಆದರೂ ಬಾಯಿ ಮುಚ್ಚಿ ಕೂತೆ. ಟಿವಿಯಲ್ಲಿ ಜಪಾನಿ ಮಾತು, ನೀರು, ಹಕ್ಕಿಗಳ ಕೂಗು. ಮಾವ ಮುಖವನ್ನು ಸ್ವಲ್ಪ ಮೇಲಕ್ಕೆತ್ತಿ ಕೇಳುತ್ತಿದ್ದರು. ಅವರ ಬೆರಳುಗಳು ಮೊಣಕಾಲಿನ ಮೇಲೆ ಬಟ್ಟೆಯ ನೇಯ್ಗೆ ನೋಡುವವರ ಹಾಗೆ ಆಡುತ್ತಿದ್ದವು. ನಾನು ಟಿವಿಗಿಂತ ಅವರನ್ನೇ ಹೆಚ್ಚು ನೋಡಿದೆ. ಒಂದು ಕಡೆ ನಕ್ಕರು, ಅಲ್ಲಿ ನಗುವಂಥದ್ದೇ ಇತ್ತು. ಒಂದು ಕಡೆ ಉಸಿರು ಬಿಗಿಹಿಡಿದರು, ಅಲ್ಲಿ ದೋಣಿ ಬಂಡೆಯ ಹತ್ತಿರ ಹೋಗಿತ್ತು. ಕಾಕಾ ಎರಡು ಸಲ ಬಾಯಿ ತೆರೆದರು, ಎರಡು ಸಲವೂ ಗೋಳಿಬಜೆ ಹಾಕಿಕೊಂಡು ಮುಚ್ಚಿದರು.

ಕಂತು ಮುಗಿಯಿತು. ಮಾವನ ಕೆನ್ನೆ ಒದ್ದೆಯಾಗಿತ್ತು. ಪಕ್ಕದಲ್ಲಿ ಬೆಂಗಳೂರಿನ ಹುಡುಗಿಯದೂ.

"ನಾ ಹೇಳ್ತೀನಿ ಕೇಳ್ರಿ," ಎಂದರು ಮಾವ. "ಹುಡುಗಿ ದೊಡ್ಡಾಕಿ ಆಗ್ಯಾಳ. ದನಿ ದಪ್ಪ ಆಗೇದ. ದಂಡಿ ಮ್ಯಾಲ ಆಕಿನ್ನ ಕಳಸ್ಲಿಕ್ಕೆ ಊರವರೆಲ್ಲಾ ಬಂದಾರ. ಆಕಿ ದೋಣಿ ಇನ್ನೊಬ್ಬರಿಗೆ ಕೊಟ್ಟು, ದೊಡ್ಡ ಹಡಗಾ ಹತ್ತಿ ಪ್ಯಾಟಿಗೆ ಹೊಂಟಾಳ. ಹಡಗದ್ದು ಸೀಟಿ ಕೇಳಿಸ್ತಲ್ಲ? ಆಕಾಶ ಬೆಳಗಿನ ಬಿಳುಪು, ಮೊಸರಿನಂಗ. ಹೌದಿಲ್ಲ?"

ಬೆಂಗಳೂರಿನ ಹುಡುಗಿ ನನ್ನ ಕಡೆ ನೋಡಿ ಸನ್ನೆ ಮಾಡಿದಳು, ಹೌದು ಅಂದುಬಿಡಿ ಆಂಟಿ ಎಂಬಂತೆ. ಕಾಕಾ ಮೇಲೆ ಫ್ಯಾನು ನೋಡುತ್ತಿದ್ದರು.

"ಇಲ್ರಿ ಮಾವಾರ," ಎಂದೆ. "ಹಡಗಾ ಹತ್ತಿದ್ದು ಆಕಿ ಅಲ್ಲ, ಆಕಿ ಗೆಳತಿ. ಇಬ್ಬರ ದನಿನೂ ಒಂದ ಥರ ಅದಾವ. ನಮ್ಮ ಹುಡುಗಿ ಹೋಗಂಗಿಲ್ಲ. ಗೆಳತೀನ್ನ ಹಡಗಾದ ತನಕಾ ತನ್ನ ದೋಣ್ಯಾಗ ಬಿಟ್ಟು ತಿರುಗಿ ಬರ್ತಾಳ. ದಂಡಿ ಮ್ಯಾಲ ದಾಟೂ ಮಂದಿ ಕಾಯ್ಲಿಕತ್ತಾರ. ಮತ್ತ ಆಕಾಶ ಬಿಳುಪಿಲ್ಲ, ಇಟ್ಟಂಗಿ ಕೆಂಪು. ಸಂಜಿ ಅದು."

ಮಾವನ ಹುಬ್ಬು ಗಂಟಿಕ್ಕಿತು. "ಸಂಜೀನ? ಹಕ್ಕಿ ಕೂಗಿದ್ವಲ್ಲ!"

"ಕಡಲಹಕ್ಕಿ ಸಂಜೆಗೂ ಕೂಗ್ತದೆ ಮಾರಾಯ್ರೇ," ಎಂದರು ಕಾಕಾ, ಕೊನೆಗೂ ಮಾತಾಡಲು ಸಿಕ್ಕಿತೆಂಬ ಸಮಾಧಾನದಲ್ಲಿ.

ಮಾವ ಗಹಗಹಿಸಿ ನಕ್ಕರು. ಹೊಟ್ಟೆ ಹಿಡಿದುಕೊಂಡು ನಕ್ಕರು. "ಅಯ್ಯ ಇವನ! ನಾ ಸುಳ್ಳ ಆಕಿನ್ನ ಪ್ಯಾಟಿಗೆ ಕಳಿಸಿ ಅತ್ತೆನಲ್ಲೋ! ಹಿಂದ ಹಚ್ಚು, ಹಿಂದ ಹಚ್ಚು. ಈ ಸಲ ನೀ ಹೇಳು, ಸಾಹುಕಾರ್ರೂ ಹೇಳ್ಲಿ. ಯಾರೂ ಸುಮ್ಮನಿರಬ್ಯಾಡ್ರಿ."

ಅದೇ ಕಂತನ್ನು ಎರಡನೆಯ ಸಲ ಹಚ್ಚಿದೆವು. ಬಸ್ಸಿನಲ್ಲಿ ಮಾಡಿಕೊಂಡಿದ್ದ ನನ್ನ ಅಭ್ಯಾಸ ದಂಡವಾಗಲಿಲ್ಲ. ಆ ಮಧ್ಯಾಹ್ನದಷ್ಟು ಚೆನ್ನಾಗಿ ನಾನು ಮತ್ತೆಂದೂ ಹೇಳಿಲ್ಲವೆಂದು ಬೆಂಗಳೂರಿನ ಹುಡುಗಿ ಇಂದಿಗೂ ಅನ್ನುತ್ತಾಳೆ. ಆಕೆ ಆ ಸರಣಿಯನ್ನು ಎಷ್ಟೋ ಸಲ ನೋಡಿದವಳು. ಆಕಾಶ ಇಟ್ಟಿಗೆ ಕೆಂಪೆಂದು ಅವತ್ತೇ ಮೊದಲು ಕಂಡದ್ದಂತೆ.

ಈಗ ನಮ್ಮ ಗುರುವಾರಗಳು ಖಾಲಿ ಇರುವುದಿಲ್ಲ. ಕಾಕಾನ ಹೆಂಡತಿ ಬರುತ್ತಾರೆ, ಎದುರು ಮನೆಯ ಮರಾಠಿ ಹೆಂಗಸೂ ಬಂದು ಕೂರುತ್ತಾಳೆ. ನಾನು ಕನ್ನಡದಲ್ಲಿ ಹೇಳಿದ ಮೇಲೆ ಅವಳಿಗೊಂದು ಸಾಲು ಮರಾಠಿಯಲ್ಲಿ ಹೇಳುತ್ತೇನೆ. ಯಜಮಾನರು ಅಂಗಡಿಯನ್ನು ಬೇಗ ಮುಚ್ಚಿ ಬಂದು, ಪೇಪರು ಓದುವವರ ಹಾಗೆ ಮೂಲೆಯಲ್ಲಿ ಕೂತು ಪುಟ ತಿರುವದೆ ಕೇಳುತ್ತಾರೆ. ಮುಂದೆ ಯಾವ ಸರಣಿ ಹಚ್ಚುವುದೆಂಬ ಚರ್ಚೆ ಬಂದಾಗ ಕಾಕಾ ಮತ್ತೆ ಕಡಲಿನದೇ ಬೇಕೆಂದರು. ಮಾವ ಬೇಡವೆಂದರು. ಹುಡುಗಿ, ಮನುಷ್ಯರು ಒಳಗೆ ಕೂತು ನಡೆಸುವ ದೊಡ್ಡ ಯಂತ್ರಗಳ ಹಳೆಯ ಕತೆಯೊಂದನ್ನು ಹೆಸರಿಸಿದಳು. ಮಾವ ಅದನ್ನೇ ಆರಿಸಿದರು.

ಮೊದಲ ಕಂತಿನಲ್ಲೇ ಯಂತ್ರ ನೆಲದಡಿಯಿಂದ ಎದ್ದು ನಿಂತಿತು. ನಾನು ಹೇಳಲು ಹೋಗಿ ತಡವರಿಸಿದೆ. ಬಣ್ಣ ಹೇಳಬಲ್ಲೆ, ಆದರೆ ಇಂಥದ್ದನ್ನು ಮಾವ ಕಣ್ಣಿದ್ದಾಗಲೂ ಕಂಡವರಲ್ಲ.

"ಎಷ್ಟ ಎತ್ತರ ಅದ?" ಎಂದು ಕೇಳಿದರು.

ಯೋಚಿಸಿದೆ. "ನಮ್ಮ ಗೋಳಗುಮ್ಮಟ ಅದಲ್ರಿ, ಅಷ್ಟು."

"ಅಷ್ಟ? ಮತ್ತ ನಡೀತದೇನು ಅದು?"

"ನಡೀತದರಿ. ಗೋಳಗುಮ್ಮಟಕ್ಕ ಕಾಲು ಬಂದಂಗ."

ಮಾವ ಕುರ್ಚಿಯನ್ನು ಟಿವಿಯ ಹತ್ತಿರಕ್ಕೆ ಎಳೆದುಕೊಂಡರು.